ಹೆಡ್‌ಲೈಟ್: ಎಲ್‌ಇಡಿ ಕಿತ್ತು, ರಿಲೇ ಕೂರಿಸಿ, ಮತ್ತೆ ಹ್ಯಾಲೊಜನ್‌ಗೆ

ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಲೋ ಬೀಮ್, ಹೈ ಬೀಮ್ ಎರಡೂ ಒಂದೇ ಬಲ್ಬಿನಲ್ಲಿರುವ ಎಚ್4 ಹೆಡ್‌ಲೈಟ್, 60/55 ವ್ಯಾಟ್. ವಾರವೆಲ್ಲ ಹಡಪ್ಸರ್, ಖರಾಡಿ ನಡುವೆ ಓಡಾಟ. ಹಬ್ಬ, ಜಾತ್ರೆ, ಮದುವೆ ಬಂದರೆ ಸೊಲ್ಲಾಪುರದ ಮೇಲೆ ಹಾಯ್ದು ವಿಜಯಪುರ, ಹೆಚ್ಚುಕಡಿಮೆ 350 ಕಿ.ಮೀ. ಪುಣೆಯೊಳಗೆ ಹೆಡ್‌ಲೈಟ್ ಮಂಕಾಗಿದ್ದರೂ ತಿಳಿಯುವುದಿಲ್ಲ, ಬೀದಿದೀಪಗಳು ಅಷ್ಟಿವೆ. ತಿಳಿಯುವುದು ಯವತ್ ದಾಟಿದ ಮೇಲೆ. ಅದರಲ್ಲೂ ಕಬ್ಬಿನ ಹಂಗಾಮಿನಲ್ಲಿ ಇಂದಾಪುರ, ಟೆಂಭುರ್ಣಿ ಆಸುಪಾಸು ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರೇಲರ್, ಹಿಂದಕ್ಕೆ ಜೋತುಬಿದ್ದ ಕಬ್ಬು, ಕೆಂಪು ದೀಪವಿಲ್ಲ, ರಿಫ್ಲೆಕ್ಟರ್ ಪಟ್ಟಿಯೂ ಇಲ್ಲ. ಎದುರಿನ ವಾಹನಕ್ಕಾಗಿ ಲೋ ಬೀಮಿಗೆ ಇಳಿಸಿದ ಹೊತ್ತಿನಲ್ಲೇ ಅಂಥದ್ದೊಂದು ಮುಂದೆ ಬಂದರೆ ಕಾಣುವುದು ತೀರ ಹತ್ತಿರ ಹೋದ ಮೇಲೆ. ಈ ಕೆಲಸಕ್ಕೆ ಕೈಹಾಕಿದ್ದು ಅದಕ್ಕೇ.

ಜೂನ್ 2024: ಎಲ್‌ಇಡಿ

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಿಂದೆ ಪುಟ್ಟ ಫ್ಯಾನ್ ಇರುವ 6000 ಕೆಲ್ವಿನ್ ಎಲ್‌ಇಡಿ ಜೋಡಿ, 3,200 ರೂಪಾಯಿ. ಹಳೇ ಬಲ್ಬಿನ ಜಾಗಕ್ಕೆ ಹಾಗೇ ಕೂರುತ್ತದೆ ಅಂದಿದ್ದರು. ಬಲ್ಬೇನೋ ಕೂತಿತು, ಆದರೆ ದೀಪದ ಹಿಂಬದಿಯನ್ನು ನೀರು ಹೋಗದಂತೆ ಮುಚ್ಚುವ ರಬ್ಬರ್ ಟೋಪಿ ಫ್ಯಾನಿನ ಮೇಲೆ ಹಾಯಲಿಲ್ಲ. ಹಾಗಾಗಿ ಟೋಪಿಯ ನಡುಭಾಗ ಕತ್ತರಿಸಿದೆ. ಇದರ ಫಲ ಮುಂದೆ ಬರುತ್ತದೆ.

ಗೋಡೆಯ ಮೇಲೆ ಬೆಳಕು ಬಿಟ್ಟಾಗ ಕಣ್ಣು ಕೋರೈಸುವಷ್ಟು ಬಿಳುಪು. ರಸ್ತೆಯ ಮೇಲೆ ಬೇರೆಯೇ ಕಥೆ: ಬಾನೆಟ್ಟಿನ ಮುಂದೆ ಹತ್ತು ಹದಿನೈದು ಮೀಟರ್ ಝಗಮಗ, ಅದರಾಚೆ ಏನೂ ಇಲ್ಲ. ಎದುರಿನಿಂದ ಬರುವವರೆಲ್ಲ ಡಿಪ್ಪರ್ ಹೊಡೆಯುತ್ತಿದ್ದರು, ನಾನು ಲೋ ಬೀಮಿನಲ್ಲೇ ಇದ್ದರೂ. ಎಚ್4 ಹ್ಯಾಲೊಜನ್ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ಲೋ ಬೀಮಿನ ಫಿಲಮೆಂಟ್ (ಉರಿಯುವ ತಂತಿ) ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲಿದೆ. ಅದು ಕೆಳಗೆ ಹೋಗುವ ಬೆಳಕನ್ನು ತಡೆಯುತ್ತದೆ, ಬಲ್ಬಿನ ಹಿಂದಿನ ಕನ್ನಡಿಯ, ಅಂದರೆ ರಿಫ್ಲೆಕ್ಟರಿನ ಮೇಲಿನ ಅರ್ಧಕ್ಕೆ ಮಾತ್ರ ಬೆಳಕು ಬೀಳುತ್ತದೆ, ಗೋಡೆಯ ಮೇಲೆ ಚೊಕ್ಕ ಗೆರೆ ಮೂಡುವುದು ಅದರಿಂದ. ರಿಫ್ಲೆಕ್ಟರಿನ ಒಂದೊಂದು ಮುಖವೂ ಆ ಫಿಲಮೆಂಟ್ ಇರುವ ಜಾಗಕ್ಕೆ ಲೆಕ್ಕಹಾಕಿ ಮಾಡಿದ್ದು. ಎಲ್‌ಇಡಿ ಚಿಪ್ಪು ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೂ ಬೆಳಕು ಹೋಗಬಾರದ ಕಡೆ ಹೋಗುತ್ತದೆ. ಪ್ರೊಜೆಕ್ಟರ್ ಇರುವ, ಕಂಪನಿಯಿಂದಲೇ ಎಲ್‌ಇಡಿ ಬರುವ ಕಾರುಗಳ ಮಾತು ಬೇರೆ. ನನ್ನದು ಅದಲ್ಲ.

ಮಳೆಗಾಲದಲ್ಲಿ ಆ ಬಿಳಿ ಬೆಳಕನ್ನು ಒದ್ದೆ ಡಾಂಬರು ನುಂಗಿಯೇ ಬಿಡುತ್ತಿತ್ತು. ಸೆಪ್ಟೆಂಬರ್ ಹೊತ್ತಿಗೆ ಬಲಗಡೆ ದೀಪದೊಳಗೆ ಹಬೆ ಕಟ್ಟಿತ್ತು. ಕತ್ತರಿಸಿದ ರಬ್ಬರ್ ಟೋಪಿಯ ಪ್ರಸಾದ. ದೀಪಾವಳಿಗೆ ಊರಿಗೆ ಹೋಗಿ ಬಂದವನೇ ಎಲ್‌ಇಡಿ ಕಿತ್ತು ಹಳೇ ಹ್ಯಾಲೊಜನ್ ಹಾಕಿದೆ.

ನವೆಂಬರ್ 9: ಅಳತೆ

ಈ ಸಲ ಏನನ್ನೂ ಕೊಳ್ಳುವ ಮೊದಲು ಹಡಪ್ಸರಿನಲ್ಲಿ ಆಟೋ ವೈರಿಂಗ್ ಮಾಡುವ ಕಾಕಾರ ಹತ್ತಿರ ಹೋದೆ. ಇಂಡಿ ಕಡೆಯವರು, ಪುಣೆಗೆ ಬಂದು ದಶಕಗಳಾಗಿವೆ, ಗಿರಾಕಿ ಜೊತೆ ಮರಾಠಿ, ವೈರಿನ ಜೊತೆ ಕನ್ನಡ. 100/90 ವ್ಯಾಟಿನ ಬಲ್ಬ್ ಹಾಕಿಬಿಡಲೇ ಅಂತ ಕೇಳಿದೆ.

"ತಮ್ಮಾ, ಈಗಿರೋ ಬಲ್ಬಿಗೇ ಹೊಟ್ಟಿ ತುಂಬ ಕೂಳ ಹಾಕಿಲ್ಲ ನೀ. ದೊಡ್ಡ ಹೊಟ್ಟಿದು ತಂದು ಏನ್ ಮಾಡ್ತಿ? ಮೊದ್ಲ ಮೀಟರ್ ಹಚ್ಚಿ ನೋಡು."

ಹಚ್ಚಿ ನೋಡಿದೆ. ವಿಧಾನ ಸುಲಭ: ಎಂಜಿನ್ ಚಾಲೂ ಇರಲಿ, ಲೋ ಬೀಮ್ ಉರಿಯುತ್ತಿರಲಿ, ಬಲ್ಬಿನ ಪ್ಲಗ್ ಕಳಚಬೇಡಿ. ಪ್ಲಗ್ಗಿನ ಹಿಂಬದಿಯಿಂದ ಎರಡು ಟಾಚಣಿ (ಗುಂಡುಸೂಜಿ) ತೂರಿಸಿ, ಅವುಗಳ ನಡುವೆ ಮಲ್ಟಿಮೀಟರ್ ಇಡಿ. ಪ್ಲಗ್ ಕಳಚಿ ಅಳೆದರೆ ಲೋಡ್ ಇರುವುದಿಲ್ಲ, ಎಂಥ ಸವೆದ ವೈರಿನಲ್ಲೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ಬ್ಯಾಟರಿ ಟರ್ಮಿನಲ್ಲಿನಲ್ಲಿ 14.1 ವೋಲ್ಟ್. ಎಡ ಬಲ್ಬಿನಲ್ಲಿ 11.7. ಬಲ ಬಲ್ಬಿನಲ್ಲಿ 11.4.

ಬಲಗಡೆ 2.7 ವೋಲ್ಟ್ ದಾರಿಯಲ್ಲೇ ಖರ್ಚು. ಎಲ್ಲಿ ಅಂತ ಹುಡುಕಲು ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ ಮೇಲೆ, ಇನ್ನೊಂದು ಬಲ್ಬಿನ ಪ್ಲಸ್ ಕಾಲಿನ ಮೇಲೆ ಇಟ್ಟೆ: 1.2. ಮೈನಸ್ ಕಡೆ ಹಾಗೇ ಮಾಡಿದಾಗ 1.5. ಫ್ಯೂಸ್ ಬಾಕ್ಸು, ಸ್ಟಿಯರಿಂಗ್ ಪಕ್ಕದ ಸ್ವಿಚ್ಚು, ಹನ್ನೆರಡು ವರ್ಷದ ಕನೆಕ್ಟರುಗಳು, ಸಣ್ಣ ವೈರು, ಎಲ್ಲ ಸೇರಿ ತಿಂದದ್ದು.

ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಜೊತೆ ನೇರವಾಗಿ ಇಳಿಯುವುದಿಲ್ಲ, ಅದರ 3.4ನೇ ಘಾತಕ್ಕೆ ಇಳಿಯುತ್ತದೆ. ಎಚ್4 ಬಲ್ಬಿನ ಪ್ರಮಾಣ ಬೆಳಕನ್ನು, ಅಂದರೆ ಲೋ ಬೀಮಿಗೆ 1,000 ಲ್ಯೂಮೆನ್, ಹೈ ಬೀಮಿಗೆ 1,650, ಅಳೆಯುವುದು 13.2 ವೋಲ್ಟಿನಲ್ಲಿ. 11.4 ವೋಲ್ಟಿಗೆ ಲೆಕ್ಕಹಾಕಿದರೆ ಸಿಗುವುದು ಶೇ. 60ರಷ್ಟು ಮಾತ್ರ. ನಾನು 3,200 ರೂಪಾಯಿ ಕೊಟ್ಟು ಕೊಳ್ಳಹೋಗಿದ್ದ ಬೆಳಕು ವೈರಿನೊಳಗೇ ಇತ್ತು.

100/90 ಯಾಕೆ ಬೇಡ ಅನ್ನುವುದೂ ಇದರಲ್ಲೇ ತಿಳಿಯಿತು. ಹೆಚ್ಚು ವ್ಯಾಟ್ ಅಂದರೆ ಹೆಚ್ಚು ಆಂಪಿಯರ್. ಅದೇ ವೈರಿನಲ್ಲಿ ಹರಿದರೆ ನಷ್ಟವೂ ಹೆಚ್ಚು, ಪ್ಲಗ್ ಕರಗುವುದೂ ಖರೆ. ಕಾಕಾರ ಡಬ್ಬಿಯಲ್ಲಿ ಹಾಗೆ ಕರಗಿ ಕಂದುಬಣ್ಣಕ್ಕೆ ತಿರುಗಿದ ಎಚ್4 ಪ್ಲಗ್ಗುಗಳ ರಾಶಿಯೇ ಇದೆ. ರಸ್ತೆಯ ಮೇಲೆ ಅಂಥ ಬಲ್ಬಿಗೆ ಅನುಮತಿಯೂ ಇಲ್ಲ.

ನವೆಂಬರ್ 16: ಸಾಮಾನು

ಈ ನಷ್ಟಕ್ಕೆ ಪರಿಹಾರ ರಿಲೇ: ಹಳೇ ಸ್ವಿಚ್ಚಿನಿಂದ ಬರೀ ಸನ್ನೆ ಪಡೆದು, ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ದಪ್ಪ ವೈರಿನಲ್ಲಿ ಕರೆಂಟು ಬಿಡುವ ಇನ್ನೊಂದು ಸ್ವಿಚ್ಚು. ಪುಣೆಯ ನಾನಾ ಪೇಠೆಯಲ್ಲಿ ರಿಲೇ ಕಿಟ್ 850 ರೂಪಾಯಿ: 12 ವೋಲ್ಟ್ 30 ಆಂಪಿಯರಿನ ಎರಡು ರಿಲೇ, ಸೆರಾಮಿಕ್ ಎಚ್4 ಹೋಲ್ಡರ್ ಎರಡು, ಒಂದು ಗಂಡು ಪ್ಲಗ್, ಒಂದೇ ಒಂದು 30 ಆಂಪಿಯರ್ ಫ್ಯೂಸ್. ಮನೆಗೆ ತಂದು ವೈರಿನ ತುದಿ ಸುಲಿದೆ. ಹೊರಗಿನ ಪ್ಲಾಸ್ಟಿಕ್ ದಪ್ಪಗಿದೆ, ಒಳಗಿನ ತಾಮ್ರ ಎಳೆ ಎಣಿಸುವಷ್ಟಿದೆ. ಇದನ್ನೇ ಹಾಕಿದರೆ ಹಳೇ ನಷ್ಟದ ಜಾಗಕ್ಕೆ ಹೊಸ ನಷ್ಟ. ಕಿಟ್ಟಿನ ಮುಖ್ಯ ವೈರುಗಳನ್ನೆಲ್ಲ ತೆಗೆದು, ಬುಧವಾರ ಪೇಠೆಯ ತಾಪಕೀರ್ ಗಲ್ಲಿಯಿಂದ 2.5 ಸ್ಕ್ವೇರ್ ಎಂಎಂ ತಾಮ್ರದ ವೈರು ತಂದೆ. ಎರಡು ಬಣ್ಣ, ತಲಾ 5 ಮೀಟರ್, 380 ರೂಪಾಯಿ. ಅಲ್ಲೇ ಲಗ್ಸ್, ಹೀಟ್ ಶ್ರಿಂಕ್, ಸುರುಳಿ ಸ್ಲೀವ್, ಎರಡು ಫ್ಯೂಸ್ ಹೋಲ್ಡರ್: 290.

ಫ್ಯೂಸ್ ಎರಡು ಯಾಕೆ? ಒಂದೇ ಇದ್ದು ಅದು ರಾತ್ರಿ ಹಾರಿದರೆ ಎರಡೂ ಬೀಮ್ ಒಟ್ಟಿಗೆ ಸತ್ತವು. ಲೋ ಬೀಮಿಗೊಂದು, ಹೈ ಬೀಮಿಗೊಂದು 20 ಆಂಪಿಯರ್ ಹಾಕಿದರೆ ಒಂದು ಹೋದರೂ ಇನ್ನೊಂದರಲ್ಲಿ ಪಕ್ಕಕ್ಕೆ ತಂದು ನಿಲ್ಲಿಸಬಹುದು. ಎರಡು ಬಲ್ಬು ಸೇರಿ ಹತ್ತು ಆಂಪಿಯರಿನ ಆಸುಪಾಸು ಎಳೆಯುತ್ತವೆ, 20 ಸಾಕು.

ನವೆಂಬರ್ 17: ರಿಲೇ

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದೆ. ರಿಲೇಗಳನ್ನು ಬ್ಯಾಟರಿ ತಟ್ಟೆಯ ಪಕ್ಕದ 10 ಎಂಎಂ ಬೋಲ್ಟಿಗೆ, ಕಾಲುಗಳು ಕೆಳಮುಖವಾಗಿ. ಮೇಲ್ಮುಖ ಹಾಕಿದರೆ ಮಳೆನೀರು ಅಲ್ಲೇ ನಿಲ್ಲುತ್ತದೆ. ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲು (ಕರೆಂಟು ಒಳಬರುವುದು), 87ರಿಂದ (ಹೊರಹೋಗುವುದು) ಬಲ್ಬಿಗೆ. ಬಲ್ಬುಗಳ ಮೈನಸ್ಸನ್ನು ಎರಡೂ ಕಡೆ ಕಾರಿನ ಲೋಹದ ಬಾಡಿಗೆ ಬಿಗಿದೆ. ಬಿಗಿಯುವ ಜಾಗದ ಪೇಂಟ್ ಕೆರೆದು, ಮೇಲೆ ಗ್ರೀಸು. ಹಳೇ ಎಡಗಡೆ ಪ್ಲಗ್ ಕಿಟ್ಟಿನ ಗಂಡು ಪ್ಲಗ್ಗಿಗೆ. ಅದರ ಕೆಲಸ ಇನ್ನು ರಿಲೇಗೆ ಸನ್ನೆ ಕೊಡುವುದಷ್ಟೇ. ಬಲಗಡೆಯ ಹಳೇ ಪ್ಲಗ್ಗಿಗೆ ಟೇಪು ಸುತ್ತಿ ಕಟ್ಟಿಟ್ಟೆ.

ಸ್ವಿಚ್ ಹಾಕಿದರೆ ಏನೂ ಇಲ್ಲ. ರಿಲೇ ಟಿಕ್ ಅನ್ನುವ ಸದ್ದೂ ಇಲ್ಲ.

ಕಿಟ್ಟಿನ ಲೆಕ್ಕ ಏನೆಂದರೆ, ಸ್ವಿಚ್ಚು ಪ್ಲಸ್ ಕಳಿಸುತ್ತದೆ, ಮೈನಸ್ ಸದಾ ಬಾಡಿಯಿಂದ ಸಿಗುತ್ತದೆ. ನನ್ನ ಕಾರಿನಲ್ಲಿ ಉಲ್ಟಾ. ಬಲ್ಬಿನ ಕಾಮನ್ ಕಾಲಿಗೆ ಫ್ಯೂಸಿನಿಂದ ಸದಾ ಪ್ಲಸ್ ಬರುತ್ತದೆ. ಸ್ವಿಚ್ಚು ಲೋ ಅಥವಾ ಹೈ ವೈರನ್ನು ಮೈನಸ್ಸಿಗೆ ಮುಟ್ಟಿಸುತ್ತದೆ. ರಿಲೇಯನ್ನು ಎಳೆಯುವ ಕಾಯಿಲಿನ (ತಂತಿ ಸುರುಳಿಯ) ಒಂದು ತುದಿ 85ನೇ ಕಾಲು; ಕಿಟ್ಟು ಅದನ್ನು ಬಾಡಿಯ ಮೈನಸ್ಸಿಗೆ ಕಟ್ಟಿತ್ತು. ಸ್ವಿಚ್ಚೂ ಮೈನಸ್ಸನ್ನೇ ಕಳಿಸಿತು. ಎರಡೂ ಕಡೆ ಮೈನಸ್ ಬಂದರೆ ಕಾಯಿಲ್ ಎಳೆಯುವುದೆಲ್ಲಿಂದ? ಜಪಾನಿ ಮೂಲದ ಹಲವು ಕಾರುಗಳಲ್ಲಿ ಹೀಗಿರುತ್ತದೆ, ಕಿಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ: ಲೈಟ್ ಸ್ವಿಚ್ ಹಾಕಿ, ಎರಡೂ ಕಡೆಯ ಪ್ಲಗ್ ಕಳಚಿ, ಟೆಸ್ಟ್ ಲ್ಯಾಂಪಿನ ಕ್ಲಿಪ್ಪನ್ನು ಬಾಡಿಗೆ ಹಿಡಿದು ಮೂರೂ ಕಾಲು ಮುಟ್ಟಿಸಿ. ಲೋ, ಹೈ ಏನೇ ಬದಲಿಸಿದರೂ ಒಂದೇ ಕಾಲಿನಲ್ಲಿ ದೀಪ ಹತ್ತುತ್ತಿದ್ದರೆ ನಿಮ್ಮದೂ ಮೈನಸ್ ಸ್ವಿಚ್ಚಿನ ಕಾರು.

ಎರಡೂ ರಿಲೇಗಳ 85ನ್ನು ಬಾಡಿಯಿಂದ ಬಿಡಿಸಿ ಹಳೇ ಪ್ಲಗ್ಗಿನ ಕಾಮನ್ ಪ್ಲಸ್ಸಿಗೆ ಕಟ್ಟಿದೆ. ಲೋ ಬೀಮ್ ಹತ್ತಿತು, ಬೆಳಕೂ ಚೆನ್ನಾಗಿತ್ತು. ಹೈಗೆ ಬದಲಿಸಿದರೆ ಹೊಸ ತಕರಾರು: ಹೈ ಹತ್ತಿತು, ಆದರೆ ಲೋ ಆರಲಿಲ್ಲ. ಎರಡೂ ಫಿಲಮೆಂಟ್ ಒಟ್ಟಿಗೆ ಉರಿಯುತ್ತಿವೆ. ಹೈ ಬೀಮ್ ಹತ್ತಿದೆ ಅಂತ ತೋರಿಸುವ ಡ್ಯಾಶ್‌ಬೋರ್ಡಿನ ನೀಲಿ ದೀಪ ಮಿಣುಕು. ಕೆಲವರು ಇದನ್ನೇ ಭಾಗ್ಯ ಅಂದುಕೊಂಡು ಹಾಗೇ ಬಿಡುತ್ತಾರೆ. ಒಂದೇ ಗಾಜಿನೊಳಗೆ 115 ವ್ಯಾಟ್ ಅಂದರೆ 100/90 ಬೇಡ ಅಂದ ಕಾರಣಗಳೆಲ್ಲ ಹಿಂಬಾಗಿಲಿನಿಂದ ಒಳಗೆ ಬಂದಹಾಗೆ. ಕೂಡಲೇ ಆರಿಸಿದೆ.

ಸಂಜೆ ಕಾಕಾ ಬಂದು ಚಹಾ ಕುಡಿಯುತ್ತಲೇ ಕಾರಣ ಹೇಳಿದರು. ಇಂಥ ಕೆಲವು ಕಾರುಗಳಲ್ಲಿ ನೀಲಿ ದೀಪ ಲೋ ವೈರು, ಹೈ ವೈರುಗಳ ನಡುವೆ ಕೂತಿರುತ್ತದೆ. ಹೈ ಹಾಕಿದಾಗ ಕರೆಂಟು ಆರಿದ ಲೋ ಫಿಲಮೆಂಟಿನ ಮೂಲಕ ನೀಲಿ ದೀಪಕ್ಕೆ ಬಂದು, ಅಲ್ಲಿಂದ ಹೈ ವೈರಿನ ಮೈನಸ್ಸಿಗೆ ಹೋಗುತ್ತದೆ. ತಣ್ಣಗಿರುವ ಫಿಲಮೆಂಟಿನ ರೆಸಿಸ್ಟೆನ್ಸ್ ಒಂದು ಓಮ್‌ಗೂ ಕಡಿಮೆ, ಹಾಗಾಗಿ ಕಂಪನಿ ವೈರಿಂಗಿನಲ್ಲಿ ತೊಂದರೆಯಿಲ್ಲ. ಈಗ ಆ ಫಿಲಮೆಂಟಿನ ಜಾಗದಲ್ಲಿರುವುದು ಲೋ ರಿಲೇಯ ಕಾಯಿಲ್, ಮೀಟರಿನಲ್ಲಿ 88 ಓಮ್. ನೀಲಿ ದೀಪದ ಅಲ್ಪ ಕರೆಂಟೇ ಸಾಕು, ಒಮ್ಮೆ ಎಳೆದುಕೊಂಡ ರಿಲೇ ಬಿಡುವುದಿಲ್ಲ.

"ಅದಕ್ಕ ಒಂದ್ ಸುಳ್ಳ ಫಿಲಮೆಂಟ್ ತೋರ್ಸು," ಅಂದರು ಕಾಕಾ. "ಪಾರ್ಕಿಂಗ್ ಬಲ್ಬ್ ಐತಲ್ಲ, ಐದ್ ವ್ಯಾಟಿಂದು, ಅದನ್ನ ಕಾಯಿಲ್‌ಗೆ ಸಮಾಂತರ ಹಚ್ಚು."

"ಎಲ್‌ಇಡಿ ಪಾರ್ಕಿಂಗ್ ಬಲ್ಬ್ ಮನ್ಯಾಗ ಬಿದ್ದಾವರೀ ಕಾಕಾ, ನಡೀತದೇನ್ರೀ?"

"ಮತ್ತ ಎಲ್‌ಇಡಿ! ತಂತಿ ಇರೋದು ಬೇಕೋ ಮಾರಾಯಾ."

20 ರೂಪಾಯಿಯ 5 ವ್ಯಾಟ್ ಟಿ10 ಬಲ್ಬು, ಹೋಲ್ಡರಿಗೆ 30. ಕಾಮನ್ ಪ್ಲಸ್ ಮತ್ತು ಲೋ ವೈರಿನ ನಡುವೆ ಕಟ್ಟಿದೆ. ಹೈ ಬೀಮಿನಲ್ಲಿ ಅದು ತಣ್ಣಗಿರುವುದರಿಂದ ರೆಸಿಸ್ಟೆನ್ಸ್ ಎರಡು ಮೂರು ಓಮ್ ಅಷ್ಟೇ, ನೀಲಿ ದೀಪದ ಕರೆಂಟು ಅದರೊಳಗೆ ಹಾದುಹೋಗುತ್ತದೆ, ಕಾಯಿಲ್‌ಗೆ ಎಳೆಯುವಷ್ಟು ವೋಲ್ಟೇಜ್ ಉಳಿಯುವುದಿಲ್ಲ. ಲೋ ಟಕ್ ಅಂತ ಬಿಟ್ಟಿತು, ನೀಲಿ ದೀಪ ಪೂರ್ತಿ ಹತ್ತಿತು. ಲೋ ಬೀಮಿನಲ್ಲಿ ಈ ಬಲ್ಬು ಫ್ಯೂಸ್ ಬಾಕ್ಸಿನ ಪಕ್ಕ ಸುಮ್ಮನೆ ಉರಿಯುತ್ತಿರುತ್ತದೆ. ರಾತ್ರಿ ಬಾನೆಟ್ ತೆರೆದರೆ ಬೆಳಕಿಗೆ ಬೇರೆ ಟಾರ್ಚ್ ಬೇಡ.

ಮತ್ತೆ ಅಳತೆ, ಹಳೇ ಬಲ್ಬುಗಳಲ್ಲೇ: ಎಡ 13.5, ಬಲ 13.4. ಲೆಕ್ಕದಲ್ಲಿ ಬೆಳಕು ಮೊದಲಿಗಿಂತ 1.6ರಿಂದ 1.7 ಪಟ್ಟು. ಬಿಳುಪೂ ಏರಿತು, ಹಳದಿ ಇಳಿಯಿತು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ: ವೋಲ್ಟೇಜ್ ಏರಿದಂತೆ ಬಲ್ಬಿನ ಆಯುಷ್ಯ ಬಹಳ ಬೇಗ ಇಳಿಯುತ್ತದೆ, ಬೆಳಕು ಏರುವುದಕ್ಕಿಂತ ಎಷ್ಟೋ ವೇಗವಾಗಿ. ಮಂಕು ವೈರಿನಲ್ಲಿ ಬಲ್ಬು ವರ್ಷಗಟ್ಟಲೆ ಬಾಳಿದ್ದರ ಗುಟ್ಟು ಅದೇ.

ನವೆಂಬರ್ 23: ದೀಪದ ಮುಖ, ಬಲ್ಬು

ಹೆಡ್‌ಲೈಟಿನ ಪಾಲಿಕಾರ್ಬೊನೇಟ್ (ಗಟ್ಟಿ ಪ್ಲಾಸ್ಟಿಕ್) ಮುಖದ ಮೇಲಿನ ರಕ್ಷಣೆಯ ಲೇಪ ಬಿಸಿಲಿಗೆ ಸತ್ತರೆ ಹಳದಿ ಮಂಜು ಹಿಡಿಯುತ್ತದೆ. ಟೂತ್‌ಪೇಸ್ಟ್ ತಿಕ್ಕುವ ಉಪಾಯ ಹೋದ ವರ್ಷವೇ ಮಾಡಿದ್ದೆ, ಕೆಲವೇ ವಾರ ಬಾಳಿತು. ಈ ಸಲ ಸುತ್ತ ಮಾಸ್ಕಿಂಗ್ ಟೇಪು, ನೀರು ಹಾಕುತ್ತ 800, 1000, 1500, 2000 ನಂಬರಿನ ಮರಳು ಕಾಗದ. 800ರಲ್ಲಿ ತಿಕ್ಕುವಾಗ ಹಳದಿ ಹಾಲು ಇಳಿಯುತ್ತದೆ, ನೀರು ತಿಳಿಯಾಗುವವರೆಗೂ ಮುಂದಿನ ನಂಬರಿಗೆ ಹೋಗಬಾರದು. ಆಮೇಲೆ 2ಕೆ ಕ್ಲಿಯರ್ ಸ್ಪ್ರೇ (ಗಟ್ಟಿಕಾರಕ ಬೆರೆಸಿ ಹೊಡೆಯುವ ಪಾರದರ್ಶಕ ಲೇಪ), ತೆಳುವಾಗಿ ಎರಡು ಪದರ. ಸ್ಪ್ರೇ 1,150 ರೂಪಾಯಿ, ಕಾಗದ 90. ಈ ಲೇಪ ಬಿಟ್ಟು ಬರೀ ಪಾಲಿಶ್ ಮಾಡಿದರೆ ಕೆಲವು ತಿಂಗಳಲ್ಲಿ ಮತ್ತೆ ಹಳದಿ. ಸ್ಪ್ರೇಯ ಗಟ್ಟಿಕಾರಕ ಶ್ವಾಸಕ್ಕೆ ಕೆಟ್ಟದ್ದು. ಬಯಲಲ್ಲಿ, ಸರಿಯಾದ ಮಾಸ್ಕ್ ಹಾಕಿಯೇ ಹೊಡೆಯಬೇಕು. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಬೇಡವೇ ಬೇಡ.

ಕೊನೆಗೆ ಬಲ್ಬು: ಅದೇ 60/55 ವ್ಯಾಟಿನ, ಡಬ್ಬಿಯ ಮೇಲೆ ಶೇ. 130 ಹೆಚ್ಚು ಬೆಳಕು ಅಂತ ಬರೆದಿರುವ ಜೋಡಿ, 1,750. ಶೇ. 130 ಅಂದರೆ ಒಟ್ಟು ಬೆಳಕಲ್ಲ. ಫಿಲಮೆಂಟ್ ಬಿಗಿಯಾಗಿ ಸುತ್ತಿರುವುದರಿಂದ ರಸ್ತೆಯ ಕೆಲವು ಬಿಂದುಗಳಲ್ಲಿ ಕಾನೂನಿನ ಕನಿಷ್ಠ ಮಟ್ಟಕ್ಕೆ ಹೋಲಿಸಿ ಅಷ್ಟು ಹೆಚ್ಚು. ಕಣ್ಣಿಗೆ ಕಂಡ ಫರಕು ಹೇಳುವುದಾದರೆ, ವೈರಿನದು ದೊಡ್ಡದು, ಮರಳು ಕಾಗದದ್ದು ಅದರ ನಂತರ, ಬಲ್ಬಿನದು ಎಲ್ಲಕ್ಕಿಂತ ಸಣ್ಣದು. ದುಡ್ಡು ಮಾತ್ರ ಅದಕ್ಕೇ ಹೆಚ್ಚು. ಇವು ಸುಟ್ಟ ಮೇಲೆ ಮಾಮೂಲಿ ಬಲ್ಬನ್ನೇ ಹಾಕುತ್ತೇನೆ.

ಗಾಜಿಗೆ ಕೈ ತಾಗಿಸದೆ ಕೂರಿಸಿ, ಹೊಸ ರಬ್ಬರ್ ಟೋಪಿ ಹಾಕಿದೆ, ಎರಡಕ್ಕೆ 240.

ನವೆಂಬರ್ 24: ಗುರಿ

ಬೆಳಕು ಎಲ್ಲಿ ಬೀಳಬೇಕೆಂದು ಗುರಿ ಇಡುವುದು, ಬಲ್ಬು ಬದಲಿಸಿದವರಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಕೆಲಸ. ನಮ್ಮ ಪಾರ್ಕಿಂಗಿನ ನೆಲ ನೀರು ಹರಿಯಲೆಂದು ಇಳಿಜಾರಾಗಿದೆ, ಗೋಡೆಗೆ ಟೇಪಿನಿಂದ ಎತ್ತರ ಅಳೆದರೆ ತಪ್ಪುತ್ತದೆ. ಪಕ್ಕದ ಕಟ್ಟಡದಲ್ಲಿ ಕೆಲಸ ಮಾಡುವ ಗೌಂಡಿಯಿಂದ ಲೆವೆಲ್ ಪೈಪ್ ಇಸಿದುಕೊಂಡೆ. ಒಂದು ತುದಿಯ ನೀರನ್ನು ದೀಪದ ನಡುವಿಗೆ ಹಿಡಿದು, ಇನ್ನೊಂದು ತುದಿಯ ನೀರು ನಿಂತಲ್ಲಿ ಗೋಡೆಗೆ ಸೀಮೆಸುಣ್ಣದ ಗೆರೆ. ಇಳಿಜಾರಿನಲ್ಲಿ ಕಾರೇ ವಾಲಿದ್ದರೆ ಇದೂ ಸಾಲದು, ಅದಕ್ಕೇ ಗೇಟಿನ ಬಳಿಯ ಸಪಾಟು ಜಾಗದಲ್ಲಿ ನಾಲ್ಕೂ ಚಕ್ರದ ಬುಡ ಸಮ ಇದೆಯೇ ಅಂತ ಅದೇ ಪೈಪಿನಲ್ಲಿ ನೋಡಿಕೊಂಡೆ.

ಗೋಡೆಯಿಂದ 5 ಮೀಟರ್, ಟೈರಿನ ಗಾಳಿ ಸರಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಒಳಗಿನಿಂದಲೇ ದೀಪದ ಗುರಿ ಇಳಿಸುವ ಲೆವೆಲಿಂಗ್ ನಾಬ್ ಸೊನ್ನೆಯಲ್ಲಿ. ದೀಪದ ಎತ್ತರ 66 ಸೆಂ.ಮೀ.; ಶೇ. 1.2 ಇಳಿಕೆಗೆ ಬೆಳಕಿನ ಮೇಲಂಚು 60 ಸೆಂ.ಮೀ.ನಲ್ಲಿರಬೇಕು. ಬಲಗಡೆಯದು ಗೆರೆಗಿಂತ ಒಂದು ಅಂಗೈ ಮೇಲಿತ್ತು. ಒಂದು ದೀಪಕ್ಕೆ ಬಟ್ಟೆ ಮುಚ್ಚಿ ಇನ್ನೊಂದರ ತಿರುಪು. ಎಡಕ್ಕೆ ಮೇಲೇರುವ ಅಂಚು ಎಡಗಡೆಯೇ ಇರಬೇಕು; ನಾವು ಎಡಗಡೆ ಓಡಿಸುವವರು, ಅದು ರಸ್ತೆಯ ಅಂಚಿಗೆ ಬೀಳುವ ಬೆಳಕು.

ಈ ಲೆಕ್ಕದಲ್ಲಿ ಲೋ ಬೀಮಿನ ಮೇಲಂಚು ನೆಲ ಮುಟ್ಟುವುದು 55 ಮೀಟರಿನಲ್ಲಿ. 80 ಕಿ.ಮೀ. ವೇಗದಲ್ಲಿ ಕಣ್ಣಿಗೆ ಬಿದ್ದು, ಬ್ರೇಕ್ ಒತ್ತಿ, ಒಣ ರಸ್ತೆಯಲ್ಲಿ ಕಾರು ನಿಲ್ಲಲು 70 ಮೀಟರಿನಷ್ಟು ಬೇಕು. ಯಾವ ಬಲ್ಬೂ ಈ ಅಂತರ ತುಂಬುವುದಿಲ್ಲ. ಗುರಿ ಮೇಲೆತ್ತಿದರೆ ಎದುರಿನವನ ಕಣ್ಣಿಗೆ. ಹಾಗಾಗಿ ಇಂದಾಪುರದ ಆಚೆ ಎದುರು ವಾಹನಗಳಿದ್ದಾಗ ನನ್ನ ಕಾರು ಈಗ 60ರಲ್ಲೇ.

ಡಿಸೆಂಬರ್: ರಸ್ತೆ

ಹೋಗುವಾಗ ಯಾರೂ ಡಿಪ್ಪರ್ ಹೊಡೆಯಲಿಲ್ಲ. ಭಿಗವಣದ ಹತ್ತಿರ ನಸುಕಿನ ಮಂಜಿನಲ್ಲೂ ಅಂಚಿನ ಬಿಳಿಗೆರೆ ಕಾಣುತ್ತಿತ್ತು. ಬರುವಾಗ ಡಿಕ್ಕಿಯಲ್ಲಿ ಜೋಳದ ಎರಡು ಚೀಲ, ಹಿಂದಿನ ಸೀಟಿನಲ್ಲಿ ಅವ್ವ, ಅಪ್ಪ. ಹಿಂಬದಿ ಕುಸಿದು ಮುಂದೆ ಮೂಗು ಎತ್ತಿತು, ಸೊಲ್ಲಾಪುರ ದಾಟುವುದರೊಳಗೆ ಡಿಪ್ಪರ್ ಶುರು. ಲೆವೆಲಿಂಗ್ ನಾಬನ್ನು 2ಕ್ಕೆ ಇಳಿಸಿದ ಮೇಲೆ ನಿಂತಿತು. ಹೊರಡುವ ಮೊದಲೇ ತಿರುಗಿಸಬೇಕಿತ್ತು, ಹನ್ನೆರಡು ವರ್ಷ ಆ ನಾಬ್ ಯಾಕಿದೆ ಅಂತಲೇ ಕೇಳಿರಲಿಲ್ಲ.

ಎಲ್‌ಇಡಿ ಬಿಟ್ಟು ಲೆಕ್ಕ: ಕಿಟ್ 850, ವೈರು 380, ಚಿಲ್ಲರೆ ಸಾಮಾನು 290, ಟಿ10 ಮತ್ತು ಹೋಲ್ಡರ್ 50, ಸ್ಪ್ರೇ, ಕಾಗದ 1,240, ಬಲ್ಬು 1,750, ರಬ್ಬರ್ ಟೋಪಿ 240. ಒಟ್ಟು 4,800. ಕಾಕಾ ದುಡ್ಡು ಮುಟ್ಟಲಿಲ್ಲ, ಊರಿನಿಂದ ಶೇಂಗಾ ಚಟ್ನಿ ತಂದುಕೊಡು ಅಂದರು, ಕೊಟ್ಟಾಗಿದೆ.

ಉಳಿದದ್ದು ಬಲಗಡೆಯ ರಿಫ್ಲೆಕ್ಟರ್. ಮಳೆಗಾಲದ ಹಬೆಗೆ ಕೆಳಭಾಗದಲ್ಲಿ ರೂಪಾಯಿ ನಾಣ್ಯದಷ್ಟು ಬೆಳ್ಳಿಬಣ್ಣ ಎದ್ದಿದೆ. ಲೋ ಬೀಮಿಗೆ ಅದರಿಂದ ತೊಂದರೆಯಿಲ್ಲ, ಅದು ಬಳಸುವುದು ಮೇಲಿನ ಅರ್ಧ; ಹೈ ಬೀಮಿನಲ್ಲಿ ಮಾತ್ರ ಬಲಕ್ಕೆ ಒಂದು ಮಸುಕು ಪಟ್ಟೆ. ಒರೆಸಲು ಹೋದರೆ ಲೇಪ ಇನ್ನಷ್ಟು ಕಿತ್ತುಬರುತ್ತದೆ, ಕೈ ಹಚ್ಚಿಲ್ಲ. ಪೂರ್ತಿ ದೀಪಕ್ಕೆ ನಾನಾ ಪೇಠೆಯಲ್ಲಿ 2,600 ಹೇಳಿದ್ದಾರೆ. ಹಾಕಿಸಿದ ದಿನ ಗೌಂಡಿಯ ಹತ್ತಿರ ಮತ್ತೆ ಪೈಪ್ ಕೇಳಬೇಕು, ದೀಪ ಬದಲಾದರೆ ಗುರಿಯೂ ಹೊಸದಾಗಿಯೇ ಇಡಬೇಕಲ್ಲ.